ಲೋಹದ ಮೂಳೆಯೂ ಮಾಡುವವನ ಹೊಣೆಯೂ

೧

ಋಗ್ವೇದದ ಮೊದಲನೆಯ ಮಂಡಲದಲ್ಲಿ ವಿಶ್ಪಲೆ ಎಂಬ ವೀರಸ್ತ್ರೀಯ ಪ್ರಸ್ತಾಪವುಂಟು. ಖೇಲನ ಯುದ್ಧದಲ್ಲಿ ಆಕೆಯ ಕಾಲು ಕಡಿದುಹೋಯಿತೆಂದೂ, ದೇವವೈದ್ಯರಾದ ಅಶ್ವಿನೀದೇವತೆಗಳು ಒಡನೆಯೇ ಆಕೆಗೆ ಲೋಹದ ಕಾಲನ್ನು ಜೋಡಿಸಿ ಮತ್ತೆ ಓಡಾಡುವಂತೆ ಮಾಡಿದರೆಂದೂ ಅಲ್ಲಿಯ ಸ್ತುತಿಯ ತಾತ್ಪರ್ಯ. ಈ ಕಥೆಯನ್ನು ಕೇಳಿದವರು ವಿಶ್ಪಲೆಯ ಧೈರ್ಯವನ್ನೂ ದೇವತೆಗಳ ಕೃಪೆಯನ್ನೂ ಕೊಂಡಾಡುವರು. ಆ ಕಾಲಿನ ಲೋಹದೊಳಗೆ ಒಂದು ಗುಳ್ಳೆ ಉಳಿದಿದ್ದರೆ ಏನಾಗುತ್ತಿತ್ತೆಂದು ಯಾರೂ ಕೇಳುವುದಿಲ್ಲ. ಮಾಡಿದವರು ದೇವತೆಗಳಾದುದರಿಂದ ಆ ಪ್ರಶ್ನೆಗೆ ಅವಕಾಶವಿಲ್ಲ. ಮನುಷ್ಯನು ಮನುಷ್ಯನಿಗೆ ಲೋಹದ ಅಂಗವನ್ನು ಮಾಡಿಕೊಡಲು ತೊಡಗಿದಾಗ ಮಾತ್ರ ಅದು ಹುಟ್ಟುವುದು; ಹುಟ್ಟಿದ ಮೇಲೆ ಸುಲಭವಾಗಿ ಶಾಂತವಾಗುವುದಿಲ್ಲ.

ಇಂದು ಆ ಕಾರ್ಯವು ಹಲವು ದೇಶಗಳಲ್ಲಿ ನಡೆಯುತ್ತಿದೆ. ಅರ್ಬುದರೋಗದಿಂದ ದವಡೆಯನ್ನೋ ಪಕ್ಕೆಲುಬನ್ನೋ ಕಳೆದುಕೊಂಡವರಿಗೆ, ಅಪಘಾತದಲ್ಲಿ ತಲೆಬುರುಡೆಯ ಒಂದು ಭಾಗ ಒಡೆದುಹೋದವರಿಗೆ, ಸವೆದ ಸೊಂಟದ ಕೀಲನ್ನು ಎರಡು ಮೂರು ಬಾರಿ ಬದಲಾಯಿಸಿಕೊಂಡು ಆಧಾರದ ಮೂಳೆಯೇ ಉಳಿಯದವರಿಗೆ, ಅವರವರ ದೇಹದ ಅಳತೆಗೆ ಸರಿಯಾಗಿ ಟೈಟೇನಿಯಮ್ ಲೋಹದ ಖಂಡಗಳನ್ನು ಪದರಪದರವಾಗಿ ಕಟ್ಟಿಕೊಡುವ ಪ್ರಯೋಗಶಾಲೆಗಳು ಏರ್ಪಟ್ಟಿವೆ. ಲೋಹದ ತ್ರೀ-ಡಿ ಪ್ರಿಂಟಿಂಗ್ ಎಂಬುದು ಈ ಕ್ರಮಕ್ಕೆ ಜನರಲ್ಲಿ ರೂಢವಾದ ಹೆಸರು. ಇಂತಹ ಪ್ರಯೋಗಶಾಲೆಯೊಂದನ್ನು ಹೇಗೆ ಕಟ್ಟಬೇಕೆಂಬುದು ಮೇಲ್ನೋಟಕ್ಕೆ ಎಂಜಿನಿಯರುಗಳ ವಿಷಯ. ಎಷ್ಟು ಯಂತ್ರ, ಎಷ್ಟು ಕೊಠಡಿ, ಎಷ್ಟು ಹಣ ಎಂಬ ಲೆಕ್ಕದಲ್ಲಿ ಮುಗಿಯತಕ್ಕುದು. ಆದರೆ ಸ್ವಲ್ಪ ವಿಚಾರಿಸಿದರೆ ಆ ಲೆಕ್ಕದ ಕೆಳಗೆ ಒಂದು ಧರ್ಮಪ್ರಶ್ನೆ ಅಡಗಿರುವುದು ಕಾಣುತ್ತದೆ. ಪಡೆಯುವವನು ಪರೀಕ್ಷಿಸಲಾರದ, ಪಡೆದ ಮೇಲೆ ಹಿಂದಿರುಗಿಸಲಾರದ ವಸ್ತುವನ್ನು ಮಾಡಿಕೊಡುವವನ ಹೊಣೆ ಎಂತಹದು? ದೋಷವು ಬಯಲಾದ ದಿನ ಅದು ಆರಂಭವಾಗುತ್ತದೆಯೆ, ಅಥವಾ ಅದಕ್ಕಿಂತ ಬಹಳ ಮುಂಚೆ, ಆ ಕಟ್ಟಡದ ಪಾಯಕ್ಕೆ ಗುದ್ದಲಿ ಹಾಕುವುದಕ್ಕೂ ಮೊದಲೇ ಆರಂಭವಾಗುತ್ತದೆಯೆ? ಇದೇ ಇಲ್ಲಿಯ ವಿಚಾರ.

೨

ವಿಚಾರಕ್ಕೆ ಮೊದಲು ವಸ್ತುಸ್ಥಿತಿಯನ್ನು ತಿಳಿಯತಕ್ಕದ್ದು. ಮರವನ್ನು ಕೆತ್ತುವ ಬಡಗಿಯೂ ಶಿಲೆಯನ್ನು ಕಡೆಯುವ ಶಿಲ್ಪಿಯೂ ಬೇಡವಾದ ಭಾಗವನ್ನು ತೆಗೆದು ಬೇಕಾದುದನ್ನು ಉಳಿಸಿಕೊಳ್ಳುವರು. ಈ ಹೊಸ ಕ್ರಮವು ಅದಕ್ಕೆ ವಿಪರೀತವಾದುದು. ಗೆದ್ದಲು ಹುತ್ತವನ್ನು ಎಬ್ಬಿಸುವಂತೆ ಇದು ಬರಿದಾದ ಸ್ಥಳದಲ್ಲಿ ಕಣಕಣವಾಗಿ ಕೂಡಿಸುತ್ತ ಹೋಗುವುದು. ಮೊದಲು ಸಿ.ಟಿ. ಸ್ಕ್ಯಾನ್ ಯಂತ್ರದಿಂದ ರೋಗಿಯ ಮೂಳೆಯ ಚಿತ್ರಗಳನ್ನು ತೆಗೆದು, ಇಲ್ಲವಾದ ಭಾಗದ ಆಕಾರವನ್ನು ಕಂಪ್ಯೂಟರಿನಲ್ಲಿ ರಚಿಸುವರು. ಶಸ್ತ್ರವೈದ್ಯನು ಅದನ್ನು ನೋಡಿ ಒಪ್ಪಿದ ಮೇಲೆ ಆ ಆಕಾರವನ್ನು ನೂರಾರು ಸಾವಿರಾರು ತೆಳುವಾದ ಪದರಗಳಾಗಿ ಗಣಿತದಿಂದ ವಿಭಾಗಿಸುವರು. ಯಂತ್ರದ ಪೆಟ್ಟಿಗೆಯೊಳಗೆ ಒಂದು ತಟ್ಟೆಯ ಮೇಲೆ ಲೋಹದ ಪುಡಿಯನ್ನು ಹರಡಲಾಗುವುದು. ಪುಡಿಯ ಕಣಗಳು ಸಾಮಾನ್ಯವಾಗಿ ೧೫ರಿಂದ ೪೫ ಮೈಕ್ರಾನಿನಷ್ಟು, ಎಂದರೆ ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ೧೫ರಿಂದ ೪೫ ಪಾಲಿನಷ್ಟು. ಹರಡಿದ ಪದರದ ದಪ್ಪವು ಹೆಚ್ಚಾಗಿ ೩೦ರಿಂದ ೬೦ ಮೈಕ್ರಾನು. ಲೇಸರ್ ಕಿರಣವು ಆ ಪದರದಲ್ಲಿ ಎಲ್ಲೆಲ್ಲಿ ಲೋಹವಿರಬೇಕೋ ಅಲ್ಲಲ್ಲಿ ಮಾತ್ರ ಚಲಿಸಿ, ಪುಡಿಯನ್ನು ಕರಗಿಸಿ, ಕೆಳಗಿನ ಪದರದೊಡನೆ ಬೆಸೆಯುವುದು. ತಟ್ಟೆ ಒಂದು ಪದರದಷ್ಟು ಕೆಳಗಿಳಿಯುವುದು. ಮತ್ತೆ ಪುಡಿ, ಮತ್ತೆ ಕಿರಣ. ಹೀಗೆ ಹಲವು ಗಂಟೆಗಳು, ಕೆಲವು ವೇಳೆ ಒಂದು ಹಗಲು ಒಂದು ರಾತ್ರಿಯೂ ಮೀರಿ ಕೆಲಸ ನಡೆಯುವುದು. ಲೇಸರಿಗೆ ಬದಲಾಗಿ ಶೂನ್ಯಸ್ಥಳದಲ್ಲಿ ಎಲೆಕ್ಟ್ರಾನ್ ಕಿರಣವನ್ನು ಬಳಸುವ ಯಂತ್ರಗಳೂ ಉಂಟು.

ಟೈಟೇನಿಯಮನ್ನೇ ಆರಿಸಿದುದಕ್ಕೆ ಕಾರಣವುಂಟು. ಸ್ವೀಡನ್ ದೇಶದ ಬ್ರೋನೆಮಾರ್ಕ್ ಎಂಬ ವೈದ್ಯವಿಜ್ಞಾನಿಯು ೧೯೫೨ರಲ್ಲಿ ಮೊಲದ ಕಾಲಿನ ಮೂಳೆಯೊಳಗಿನ ರಕ್ತಸಂಚಾರವನ್ನು ನೋಡಲು ಟೈಟೇನಿಯಮಿನ ಸಣ್ಣ ಉಪಕರಣವನ್ನು ಇಟ್ಟಿದ್ದನು. ಪ್ರಯೋಗ ಮುಗಿದ ಮೇಲೆ ಕೀಳಲು ಹೋದರೆ ಅದು ಬರಲಿಲ್ಲ. ಮೂಳೆಯು ಲೋಹವನ್ನು ತನ್ನದೆಂದು ಹಿಡಿದುಕೊಂಡಿತ್ತು. ೧೯೬೫ರಲ್ಲಿ ಅವನು ಮೊದಲ ಬಾರಿಗೆ ಮನುಷ್ಯನ ದವಡೆಯಲ್ಲಿ ಆ ಲೋಹದ ಹಲ್ಲಿನ ಬೇರನ್ನು ನೆಟ್ಟನು. ಆದರೂ ಒಂದು ತೊಡಕು ಉಳಿದಿತ್ತು. ಘನವಾದ ಟೈಟೇನಿಯಮು ಮೂಳೆಗಿಂತ ಹಲವು ಪಟ್ಟು ಬಿಗಿಯಾದುದು. ಭಾರವನ್ನೆಲ್ಲ ಲೋಹವೇ ಹೊತ್ತುಕೊಂಡರೆ ಪಕ್ಕದ ಮೂಳೆಯು ಕೆಲಸವಿಲ್ಲದೆ ಕ್ಷೀಣಿಸುವುದು. ಪದರದ ಕ್ರಮದಲ್ಲಿ ಖಂಡವನ್ನು ಜಾಲರಿಯಂತೆ ರಂಧ್ರಮಯವಾಗಿ ಕಟ್ಟಬಹುದಾದುದರಿಂದ ಬಿಗಿ ಕಡಮೆಯಾಗುವುದು. ಆ ರಂಧ್ರಗಳೊಳಕ್ಕೆ ಮೂಳೆಯೂ ಬೆಳೆದು ಬರುವುದು. ೨೦೦೭ರಲ್ಲಿ ಇಟಲಿಯಲ್ಲಿ ಹೀಗೆ ಕಟ್ಟಿದ ಸೊಂಟದ ಬಟ್ಟಲನ್ನು ರೋಗಿಗೆ ಜೋಡಿಸಿದರು. ೨೦೧೧ರಲ್ಲಿ ನೆದರ್ಲೆಂಡ್ಸ್ ದೇಶದಲ್ಲಿ ೮೩ ವರ್ಷದ ವೃದ್ಧೆಯೊಬ್ಬಳಿಗೆ ಇಡೀ ಕೆಳದವಡೆಯನ್ನೇ ಹೀಗೆ ಮಾಡಿಕೊಟ್ಟರು. ಅದರ ತೂಕ ೧೦೭ ಗ್ರಾಮು. ಮರುದಿನವೇ ಆಕೆ ಮಾತನಾಡಿದಳು. ೨೦೧೫ರಲ್ಲಿ ಸ್ಪೇನ್ ದೇಶದ ಸಲಮಾಂಕಾ ನಗರದ ರೋಗಿಯೊಬ್ಬನಿಗೆ ಎದೆಯ ನಡುಮೂಳೆಯನ್ನೂ ಪಕ್ಕೆಲುಬುಗಳ ಒಂದು ಭಾಗವನ್ನೂ ಆಸ್ಟ್ರೇಲಿಯದ ಮೆಲ್ಬರ್ನ್ ನಗರದ ಸರ್ಕಾರಿ ಸಂಶೋಧನಾ ಸಂಸ್ಥೆಯ ಪ್ರಯೋಗಶಾಲೆಯಲ್ಲಿ ಕಟ್ಟಿ ಕಳುಹಿಸಿದರು. ಆ ರೋಗಿಯು ಎದೆಯೊಳಗೆ ಧರಿಸಿದ ವಸ್ತುವನ್ನು ಮಾಡಿದವರು ಭೂಮಿಯ ಇನ್ನೊಂದು ಪಾರ್ಶ್ವದಲ್ಲಿದ್ದರು.

೩

ಈ ಕೊನೆಯ ಸಂಗತಿಯನ್ನು ಮನಸ್ಸಿಗೆ ತಂದುಕೊಂಡರೆ ಹೊಣೆಯ ಪ್ರಶ್ನೆ ಸ್ಪಷ್ಟವಾಗುವುದು. ಸಂತೆಯಲ್ಲಿ ಮಡಕೆಯನ್ನು ಕೊಳ್ಳುವ ಗೃಹಿಣಿಯು ಬೆರಳಿನ ಗೆಣ್ಣಿನಿಂದ ಅದನ್ನು ಬಡಿದು ನಾದವನ್ನು ಕೇಳಿಯೇ ಕೊಳ್ಳುವಳು. ವಿಗ್ರಹಕ್ಕಾಗಿ ಶಿಲೆಯನ್ನು ಆರಿಸುವ ಶಿಲ್ಪಿಯೂ ಉಳಿಯ ಪೆಟ್ಟಿನ ನಾದದಿಂದಲೇ ಅದರ ಒಳಬಿರುಕನ್ನು ತಿಳಿಯುವನು. ಲೋಹದ ಮೂಳೆಯನ್ನು ಪಡೆಯುವವನಿಗೆ ಈ ಸೌಕರ್ಯವಿಲ್ಲ. ಅವನು ಪ್ರಜ್ಞೆಯಿಲ್ಲದೆ ಮಲಗಿರುವಾಗ ಅದು ಅವನ ದೇಹವನ್ನು ಸೇರುವುದು. ಜೋಡಿಸುವ ಶಸ್ತ್ರವೈದ್ಯನಿಗೂ ಕಾಣುವುದು ಹೊರಮೈ ಮಾತ್ರ. ಒಳಗೆ ಎರಡು ಪದರಗಳ ನಡುವೆ ಪುಡಿ ಕರಗದೆ ಉಳಿದ ಸಂದು ಇರಬಹುದು. ಅನಿಲದ ಗುಳ್ಳೆ ಇರಬಹುದು. ಅದು ಆ ದಿನ ಏನನ್ನೂ ಮಾಡದು. ನಡೆಯುವ ಮನುಷ್ಯನ ಸೊಂಟದ ಮೇಲೆ ವರ್ಷಕ್ಕೆ ಸುಮಾರು ೧೦ ಲಕ್ಷ ಬಾರಿ ಭಾರ ಬೀಳುವುದು. ಅಷ್ಟು ಪೆಟ್ಟುಗಳಿಗೆ ಸಿಕ್ಕಿದ ಒಂದು ಸಣ್ಣ ಗುಳ್ಳೆಯಿಂದ ಬಿರುಕು ಹೊರಟು ಬೆಳೆಯುತ್ತ ಬರಬಹುದು. ಮಾಡಿದವನ ಅಲಕ್ಷ್ಯವು ಹೀಗೆ ವರ್ಷಗಟ್ಟಲೆ ಮೌನವಾಗಿದ್ದು, ಆಮೇಲೆ ನಿರಪರಾಧಿಯಾದ ಬೇರೊಬ್ಬನ ಕಾಲಿನ ಕೆಳಗೆ ಮಾತನಾಡುವುದು.

ಹಾಗಾದರೆ ಮೊದಲೇ ಪರೀಕ್ಷಿಸಬಾರದೆ ಎಂದರೆ, ಪರೀಕ್ಷೆಗಳು ಉಂಟು. ಅವುಗಳಿಗೆ ಮಿತಿಯೂ ಉಂಟು. ಎಕ್ಸ್-ಕಿರಣಗಳಿಂದ ಒಳಗನ್ನು ನೋಡಬಹುದು. ಆದರೆ ಲೋಹವು ದಪ್ಪವಾದಷ್ಟೂ ಸಣ್ಣ ದೋಷವು ಕಾಣದೆ ಹೋಗುವುದು. ೯೦೦ ಡಿಗ್ರಿ ಸೆಂಟಿಗ್ರೇಡಿನ ಸುಮಾರಿನ ಶಾಖದಲ್ಲಿ ವಾತಾವರಣದ ಒತ್ತಡಕ್ಕಿಂತ ಸುಮಾರು ಸಾವಿರ ಪಟ್ಟು ಒತ್ತಡವನ್ನು ಆರ್ಗಾನ್ ಅನಿಲದಿಂದ ಹಾಕಿ ಗುಳ್ಳೆಗಳನ್ನು ಮುಚ್ಚಿಸಬಹುದು. ಆದರೆ ಹೊರಮೈಗೆ ತೆರೆದುಕೊಂಡ ಸಂದು ಅದರಿಂದ ಮುಚ್ಚುವುದಿಲ್ಲ. ಎಷ್ಟು ಲಕ್ಷ ಪೆಟ್ಟುಗಳನ್ನು ಖಂಡವು ತಾಳಬಲ್ಲುದೆಂಬುದನ್ನು ಮಾತ್ರ ಮುರಿಯುವವರೆಗೆ ಪೆಟ್ಟು ಹಾಕಿಯೇ ತಿಳಿಯಬೇಕು. ಹಾಗೆ ಪರೀಕ್ಷಿಸಿದುದನ್ನು ಉಪಯೋಗಿಸುವಂತಿಲ್ಲ. ಉಪಯೋಗಿಸತಕ್ಕುದನ್ನು ಹಾಗೆ ಪರೀಕ್ಷಿಸುವಂತಿಲ್ಲ.

ಹಿರಿಯರು ಸ್ಥಾಲೀಪುಲಾಕನ್ಯಾಯವೆಂಬುದನ್ನು ಹೇಳಿದ್ದಾರೆ. ಪಾತ್ರೆಯ ಅನ್ನದಲ್ಲಿ ಒಂದು ಅಗುಳನ್ನು ಹಿಸುಕಿ ನೋಡಿದರೆ ಉಳಿದುದೆಲ್ಲ ಬೆಂದಿತೋ ಇಲ್ಲವೋ ತಿಳಿಯುವುದು. ಒಂದೇ ಅಚ್ಚಿನ ಸಾವಿರ ತಿರುಪುಮೊಳೆಗಳನ್ನು ಮಾಡುವ ಕಾರ್ಖಾನೆಗೆ ಈ ನ್ಯಾಯವು ಸಾಕು. ಹತ್ತನ್ನು ಮುರಿದು ನೋಡಿ ಉಳಿದವನ್ನು ನಂಬಬಹುದು. ಒಬ್ಬ ರೋಗಿಗಾಗಿ ಮಾಡಿದ ಮೂಳೆಯಾದರೋ ಒಂದೇ ಅಗುಳಿರುವ ಪಾತ್ರೆ. ಆ ಅಗುಳನ್ನು ಹಿಸುಕಿದರೆ ಉಣ್ಣುವುದಕ್ಕೆ ಏನೂ ಉಳಿಯದು. ಇದಕ್ಕೆ ಬಲ್ಲವರು ಕಂಡುಕೊಂಡ ಉಪಾಯವೆಂದರೆ ಅದೇ ಪಾತ್ರೆಗೆ ಇನ್ನಷ್ಟು ಅಗುಳುಗಳನ್ನು ಹಾಕುವುದು. ಮೂಳೆಯನ್ನು ಕಟ್ಟುವ ಅದೇ ತಟ್ಟೆಯ ಮೇಲೆ, ಅದೇ ಪುಡಿಯಿಂದ, ಅದೇ ಕಿರಣದಿಂದ, ಅದೇ ಹೊತ್ತಿನಲ್ಲಿ ಸಣ್ಣ ಕಂಬಿಗಳನ್ನು ಕಟ್ಟುವರು. ಮೂಳೆಗೆ ಬದಲಾಗಿ ಅವನ್ನು ಎಳೆದು, ಬಗ್ಗಿಸಿ, ಮುರಿದು ನೋಡುವರು. ಇವನ್ನು ಸಾಕ್ಷಿಖಂಡಗಳೆಂದು ಕರೆದರೆ ಒಪ್ಪುವುದು. ಅವು ರೋಗಿಯ ಪರವಾಗಿ ಮುರಿಯಲ್ಪಡುವ ಸಾಕ್ಷಿಗಳು.

ಆದರೆ ಸಾಕ್ಷಿಯ ಮಾತು ಯಾವಾಗ ಪ್ರಮಾಣ? ಹೊಗೆಯಿರುವಲ್ಲಿ ಬೆಂಕಿಯಿರುವುದೆಂಬ ಅನುಮಾನವು ಸರಿ. ಬೆಂಕಿಯಿರುವಲ್ಲೆಲ್ಲ ಹೊಗೆಯಿರುವುದೆಂಬುದು ಸರಿಯಲ್ಲ. ಹಸಿಯ ಸೌದೆಯೆಂಬ ಉಪಾಧಿ ಅಲ್ಲಿ ಅಡಗಿದೆಯೆಂದು ತರ್ಕಶಾಸ್ತ್ರಜ್ಞರು ತೋರಿಸಿಕೊಟ್ಟಿದ್ದಾರೆ. ಹಾಗೆಯೇ ಸಾಕ್ಷಿಖಂಡವು ಗಟ್ಟಿಯಾಗಿದ್ದ ಮಾತ್ರಕ್ಕೆ ಮೂಳೆಯೂ ಗಟ್ಟಿಯೆಂದು ಹೇಳಬೇಕಾದರೆ ಎರಡಕ್ಕೂ ನಡುವೆ ಅಡಗಿದ ಉಪಾಧಿ ಇರಬಾರದು. ತಟ್ಟೆಯ ಒಂದು ಮೂಲೆಯಲ್ಲಿ ಅನಿಲದ ಪ್ರವಾಹವು ಮಂದವಾಗಿ ಹೊಗೆ ನಿಂತರೆ ಅಲ್ಲಿ ಕಟ್ಟಿದುದರ ಗುಣವೇ ಬೇರೆ. ಮೂಳೆಯನ್ನು ಆ ಮೂಲೆಯಲ್ಲಿಟ್ಟು ಸಾಕ್ಷಿಯನ್ನು ನಡುವೆ ಇಟ್ಟವನು ತಿಳಿದೋ ತಿಳಿಯದೆಯೋ ಸುಳ್ಳುಸಾಕ್ಷಿಯನ್ನು ನಿಲ್ಲಿಸಿದನು. ಇದರಿಂದ ಒಂದು ಸಂಗತಿ ಸಿದ್ಧವಾಗುವುದು. ಈ ವಸ್ತುವಿನ ಒಳ್ಳೆಯತನವನ್ನು ವಸ್ತುವಿನಲ್ಲಿ ಮಾತ್ರ ನೋಡಿ ತಿಳಿಯುವಂತಿಲ್ಲ. ಅದು ಹುಟ್ಟಿದ ಮನೆಯ ನಡತೆಯಿಂದಲೂ ತಿಳಿಯಬೇಕು.

೪

ಇಲ್ಲಿ ಒಂದು ಆಕ್ಷೇಪವು ಏಳಬಹುದು. ಕಟ್ಟುವುದು ಯಂತ್ರ, ಮನುಷ್ಯನ ಕೈ ಅದಕ್ಕೆ ತಗಲುವುದೂ ಇಲ್ಲ, ಹೀಗಿರಲು ದೋಷಕ್ಕೆ ಮನುಷ್ಯನನ್ನು ಹೊಣೆಮಾಡುವುದು ಹೇಗೆ ಎಂದು. ಇದಕ್ಕೆ ಉತ್ತರವು ಸುಲಭ. ಕೊಡಲಿಯು ಮರವನ್ನು ಕಡಿಯಿತೆಂದು ಹೇಳುವ ರೂಢಿಯುಂಟು. ಆದರೂ ಕದ್ದು ಮರ ಕಡಿದ ಅಪರಾಧಕ್ಕೆ ಕೊಡಲಿಯನ್ನು ಸೆರೆಮನೆಗೆ ಕಳುಹಿಸಿದ ರಾಜನಿಲ್ಲ. ಸ್ವತಂತ್ರನಾದವನೇ ಕರ್ತೃವೆಂದು ವೈಯಾಕರಣರ ಮತ. ಯಂತ್ರಕ್ಕೆ ನಿಲ್ಲುವ ಸ್ವಾತಂತ್ರ್ಯವಿಲ್ಲ. ನಿಲ್ಲಿಸುವ ಸ್ವಾತಂತ್ರ್ಯವು ಮನುಷ್ಯನಲ್ಲಿಯೇ ಇದೆ.

ಎರಡನೆಯ ಆಕ್ಷೇಪವು ಇದಕ್ಕಿಂತ ಬಲವಾದುದು. ಇಲ್ಲಿ ಕೆಲಸ ಮಾಡುವವರು ಅನೇಕರು: ಚಿತ್ರ ತೆಗೆದವರು, ಆಕಾರ ರಚಿಸಿದವರು, ಪುಡಿಯನ್ನು ಮಾರಿದವರು, ಜರಡಿ ಹಿಡಿದವರು, ಯಂತ್ರವನ್ನು ನಡೆಸಿದವರು, ತೊಳೆದವರು, ಅಳೆದವರು. ಹತ್ತು ಜನರಲ್ಲಿ ಹಂಚಿದ ಹೊಣೆಯು ಯಾರ ತಲೆಯ ಮೇಲೂ ಭಾರವಾಗುವುದಿಲ್ಲ. ನೈಯಾಯಿಕರು ಮಡಕೆಯ ಕಾರಣಗಳನ್ನು ಎಣಿಸುವಾಗ ಮಣ್ಣು, ಕುಂಬಾರ, ಚಕ್ರ, ಕೋಲು ಇವುಗಳನ್ನು ಒಪ್ಪಿ, ಮಣ್ಣನ್ನು ಹೊತ್ತು ತಂದ ಕತ್ತೆಯನ್ನು ಮಾತ್ರ ಬಿಟ್ಟುಬಿಡುವರು. ಕತ್ತೆಯಿಲ್ಲದೆ ಬೇರೆ ರೀತಿಯಲ್ಲಿಯೂ ಮಣ್ಣು ಬರಬಹುದಾಗಿತ್ತು. ಆದುದರಿಂದ ಅದು ಅನ್ಯಥಾಸಿದ್ಧ, ಕಾರಣವಲ್ಲ. ಮಡಕೆಗೆ ಈ ವಿವೇಚನೆ ಯುಕ್ತವಾಗಿಯೇ ಇದೆ. ಲೋಹದ ಮೂಳೆಯ ಪ್ರಯೋಗಶಾಲೆಯಲ್ಲಾದರೋ ಕತ್ತೆಯನ್ನೂ ಲೆಕ್ಕಕ್ಕೆ ಹಿಡಿಯಬೇಕಾಗುವುದು. ಪುಡಿಯ ಡಬ್ಬಿಯನ್ನು ಒಂದು ಕೊಠಡಿಯಿಂದ ಇನ್ನೊಂದಕ್ಕೆ ಒಯ್ಯುವವನು ಮುಚ್ಚಳವನ್ನು ಸಡಿಲವಾಗಿ ಬಿಟ್ಟರೆ ತೇವವು ಸೇರುವುದು. ಕಿರಣವು ತಗುಲಿದಾಗ ಆ ತೇವವೇ ಲೋಹಕ್ಕೆ ದೋಷವಾಗುವುದು. ಇಲ್ಲಿ ಹೊತ್ತವನೂ ಮಾಡಿದವನೇ.

ಆದುದರಿಂದಲೇ ಕಟ್ಟಡದ ನಕ್ಷೆಯನ್ನು ಬರೆಯುವುದು ಒಂದು ಧಾರ್ಮಿಕ ನಿರ್ಣಯವಾಗುತ್ತದೆ. ದೇಹದಲ್ಲಿ ನೆಡಲು ಬಳಸುವ ಟೈಟೇನಿಯಮಿನಲ್ಲಿ ೧೦೦ಕ್ಕೆ ೬ ಪಾಲು ಅಲ್ಯೂಮಿನಿಯಮು, ೪ ಪಾಲು ವೆನೇಡಿಯಮು ಬೆರೆತಿರುವುದು. ಅದರ ಶುದ್ಧವಾದ ವೈದ್ಯಕೀಯ ಬಗೆಯಲ್ಲಿ ಆಮ್ಲಜನಕವು ೧೦೦ಕ್ಕೆ ೦.೧೩ ಪಾಲನ್ನು ಮೀರಕೂಡದು. ಮೀರಿದಷ್ಟೂ ಲೋಹವು ಗಡಸಾಗಿ ಪೆಡಸಾಗುವುದು. ಕಟ್ಟುವಾಗ ಕರಗದೆ ಉಳಿದ ಪುಡಿಯನ್ನು ಜರಡಿ ಹಿಡಿದು ಮತ್ತೆ ಬಳಸುವರು. ಬೆಲೆಬಾಳುವ ವಸ್ತುವಾದುದರಿಂದ ಇದು ತಪ್ಪಲ್ಲ. ಆದರೆ ಪ್ರತಿಸಲವೂ ಅದು ಸ್ವಲ್ಪ ಸ್ವಲ್ಪವಾಗಿ ಆಮ್ಲಜನಕವನ್ನು ಹೀರಿಕೊಳ್ಳುವುದು. ಎಷ್ಟನೆಯ ಬಳಕೆಯ ಪುಡಿಯೆಂಬುದನ್ನು ಬರೆದಿಡದ ಮನೆಯಲ್ಲಿ ಮಿತವ್ಯಯವೂ ಮೋಸವೂ ಒಂದೇ ಡಬ್ಬಿಯಲ್ಲಿ ಬೆರೆತಿರುತ್ತವೆ. ಹೊರಗಿನಿಂದ ನೋಡಿ ಯಾವುದೆಂದು ಹೇಳಲಾಗದು. ದಂತವೈದ್ಯಕ್ಕೆ ಬಳಸುವ ಕೋಬಾಲ್ಟ್-ಕ್ರೋಮಿಯಮ್ ಪುಡಿಯನ್ನು ಟೈಟೇನಿಯಮಿನ ಯಂತ್ರದಲ್ಲಿಯೇ ಬಳಸಿದರೆ ಹಣ ಉಳಿಯುವುದು. ಆದರೆ ಒಂದು ಲೋಹದ ಕಣವು ಇನ್ನೊಂದರಲ್ಲಿ ಸೇರಿದರೆ ಆ ಸ್ಥಳದಲ್ಲಿಯೇ ಬಿರುಕಿಗೆ ಬೀಜ ಬೀಳುವುದು. ಆದುದರಿಂದ ಬಲ್ಲವರು ಲೋಹಕ್ಕೊಂದು ಯಂತ್ರ, ಲೋಹಕ್ಕೊಂದು ಜರಡಿ, ಸಾಧ್ಯವಾದರೆ ಲೋಹಕ್ಕೊಂದು ಕೊಠಡಿ ಎಂದು ವಿಧಿಸುವರು. ಮಡಿಯ ಅಡುಗೆಮನೆಯನ್ನು ಕಂಡವರಿಗೆ ಈ ವಿಧಿಯ ಅರ್ಥವನ್ನು ವಿವರಿಸಬೇಕಾಗಿಲ್ಲ. ಭೇದವಿಷ್ಟೆ, ಇಲ್ಲಿಯ ಮೈಲಿಗೆಯನ್ನು ಅಳೆದು ತೋರಿಸಬಹುದು.

ಇನ್ನು ಕೆಲಸಗಾರನ ವಿಷಯ. ರೋಗಿಯ ಹಿತಕ್ಕಾಗಿ ಕಟ್ಟಿದ ಮನೆಯಲ್ಲಿ ಕೆಲಸಗಾರನ ಪ್ರಾಣವನ್ನು ಮರೆಯುವುದುಂಟು. ಟೈಟೇನಿಯಮಿನ ನುಣ್ಣಗಿನ ಪುಡಿಯು ಗಾಳಿಯಲ್ಲಿ ಎದ್ದು ಒಂದು ಕಿಡಿಗೆ ಸಿಕ್ಕಿದರೆ ಸ್ಫೋಟವಾಗಬಹುದು. ಲೋಕದಲ್ಲಿ ಬೆಂಕಿಗೆ ನೀರು ಹಾಕುವುದು ವಾಡಿಕೆ. ಈ ಬೆಂಕಿಗೆ ನೀರು ಹಾಕಿದರೆ ಜಲಜನಕ ಹುಟ್ಟಿ ಉರಿಯು ಹೆಚ್ಚುವುದು. ಇದಕ್ಕೆಂದೇ ಬೇರೆಯಾದ ಒಣಪುಡಿಯನ್ನು ಕೈಯಳತೆಯಲ್ಲಿ ಇಟ್ಟಿರಬೇಕು. ಆರ್ಗಾನ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಗಾಳಿಗಿಂತ ಭಾರವಾದುದರಿಂದ ಅದು ತಗ್ಗಿನಲ್ಲಿ ನಿಂತು, ಅಲ್ಲಿಗೆ ಇಳಿದವನನ್ನು ಎಚ್ಚರಿಕೆ ಕೊಡದೆ ಉಸಿರುಕಟ್ಟಿಸುವುದು. ಆದುದರಿಂದ ಇಂತಹ ಯಂತ್ರವನ್ನು ಗಾಳಿಯಾಡದ ನೆಲಮಾಳಿಗೆಯಲ್ಲಿ ಇಡುವುದು ಕ್ಷೇಮವಲ್ಲ. ಆಮ್ಲಜನಕವನ್ನು ಅಳೆಯುವ ಎಚ್ಚರಿಕೆಯ ಗಂಟೆಯೂ ಇರತಕ್ಕದ್ದು. ಒಬ್ಬನ ಮೂಳೆಗಾಗಿ ಇನ್ನೊಬ್ಬನ ಉಸಿರನ್ನು ಪಣವಿಡುವುದಕ್ಕೆ ಯಾವ ದಯೆಯೂ ಅಧಿಕಾರ ಕೊಡಲಾರದು.

೫

ಇಷ್ಟನ್ನೂ ಏರ್ಪಡಿಸಿದ ಮೇಲೆಯೂ ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆ ಉಳಿಯುತ್ತದೆ. ಒಂದು ಸಂದರ್ಭವನ್ನು ಕಲ್ಪಿಸಿಕೊಳ್ಳಬಹುದು. ಅರ್ಬುದರೋಗಿಯೊಬ್ಬನ ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾಗಿದೆ. ಅವನ ದವಡೆಯ ಖಂಡವು ಸಿದ್ಧವಾಗಿದೆ. ಆಕಾರದಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಹಿಂದಿನ ದಿನ ಸಂಜೆ ಪರೀಕ್ಷಕನಿಗೆ ಮೂರು ಸಾಕ್ಷಿಖಂಡಗಳಲ್ಲಿ ಒಂದು ಗೊತ್ತಾದ ಬಲಕ್ಕಿಂತ ಸ್ವಲ್ಪ ಮುಂಚೆಯೇ ಮುರಿದುದು ಕಾಣುತ್ತದೆ. ಹೊಸ ಖಂಡವನ್ನು ಕಟ್ಟಿ, ಶಾಖಸಂಸ್ಕಾರ ಮಾಡಿ, ತೊಳೆದು, ಪರೀಕ್ಷಿಸಲು ಇನ್ನಷ್ಟು ದಿನ ಬೇಕು. ಅಷ್ಟರಲ್ಲಿ ರೋಗವು ಸುಮ್ಮನಿರುವುದಿಲ್ಲ. ಪರೀಕ್ಷಕನು ಏನು ಮಾಡಬೇಕು?

ದಯಾವಾದಿಯು ಹೇಳುವನು: ದೋಷವು ಸಂಶಯಿತ, ರೋಗವು ನಿಶ್ಚಿತ, ಸಂಶಯಕ್ಕಾಗಿ ನಿಶ್ಚಿತವಾದುದನ್ನು ಬೆಳೆಯಬಿಡುವುದು ಕ್ರೌರ್ಯ, ಆದುದರಿಂದ ಸುಮ್ಮನೆ ಕಳುಹಿಸಿಕೊಡಲಿ. ನಿಯಮವಾದಿಯು ಹೇಳುವನು: ಗೆರೆಯೆಂದರೆ ಗೆರೆ; ಇಂದು ಕೂದಲೆಳೆಯಷ್ಟು ದಾಟಿದವನು ನಾಳೆ ಗೇಣು ದಾಟುವನು; ಖಂಡವನ್ನು ಎಸೆಯಲಿ, ಮುಂದಿನದು ವೈದ್ಯನ ಪಾಡು. ಇವರಿಬ್ಬರಲ್ಲಿ ಯಾರನ್ನೂ ಹೃದಯಹೀನನೆಂದಾಗಲಿ ಮೂಢನೆಂದಾಗಲಿ ತಳ್ಳಿಹಾಕುವಂತಿಲ್ಲ. ಹಾಗಿದ್ದರೂ ಇಬ್ಬರ ಮಾತಿನಲ್ಲಿಯೂ ಒಂದೇ ಕೊರತೆಯಿದೆ. ಆ ಸಂಜೆ ಪ್ರಶ್ನೆಯು ಆಕಾಶದಿಂದ ಉದುರಿತೆಂಬಂತೆ ಇಬ್ಬರೂ ಮಾತನಾಡುತ್ತಾರೆ. ವಾಸ್ತವವಾಗಿ ಅದು ಆ ಪ್ರಯೋಗಶಾಲೆಯ ನಕ್ಷೆಯನ್ನು ಬರೆದ ದಿನವೇ ಬಂದಿತ್ತು. ಖಂಡಗಳು ಕೆಲವು ವೇಳೆ ಕೆಡುವುವೆಂಬುದು ಆ ದಿನವೇ ಎಲ್ಲರಿಗೂ ತಿಳಿದಿತ್ತು. ತಿಳಿದಿದ್ದೂ ಒಂದೇ ಖಂಡವನ್ನು ಕಟ್ಟುವಷ್ಟು ಕಾಲವನ್ನೂ ಹಣವನ್ನೂ ಮಾತ್ರ ಗೊತ್ತುಮಾಡಿದವನು, ಕೆಟ್ಟ ಖಂಡವನ್ನು ಎಸೆಯುವ ಶಕ್ತಿಯನ್ನು ಪರೀಕ್ಷಕನಿಂದ ಮೊದಲೇ ಕಸಿದುಕೊಂಡನು. ಆ ಸಂಜೆ ಪರೀಕ್ಷಕನು ಸುಳ್ಳು ಹೇಳಿದರೆ ಆ ಸುಳ್ಳಿನಲ್ಲಿ ದೊಡ್ಡ ಪಾಲು ನಕ್ಷೆ ಬರೆದವನಿಗೆ ಸೇರತಕ್ಕದ್ದು.

ಆದುದರಿಂದ ಸಿದ್ಧಾಂತವು ಹೀಗೆ ನಿಲ್ಲುವುದು. ಎಸೆಯುವ ಸಾಮರ್ಥ್ಯವಿಲ್ಲದ ಪ್ರಯೋಗಶಾಲೆಗೆ ಸತ್ಯವನ್ನು ಹೇಳುವ ಸಾಮರ್ಥ್ಯವೂ ಇಲ್ಲ. ತಟ್ಟೆಯಲ್ಲಿ ಸ್ಥಳವಿರುವಾಗ ಒಂದಕ್ಕೆ ಎರಡು ಖಂಡಗಳನ್ನು ಕಟ್ಟುವುದು, ಪುಡಿಯಲ್ಲಿಯೂ ಯಂತ್ರದಲ್ಲಿಯೂ ದೋಷ ಬರಬಹುದಾದುದರಿಂದ ಮರುಕಟ್ಟಡಕ್ಕೆ ಬೇಕಾದ ದಿನಗಳನ್ನು ಶಸ್ತ್ರಚಿಕಿತ್ಸೆಯ ದಿನಕ್ಕೆ ಮುಂಚೆಯೇ ಕಾದಿರಿಸುವುದು, ಅದರ ವೆಚ್ಚವನ್ನು ನಷ್ಟವೆಂದು ಬರೆಯದೆ ಮೂಲವೆಚ್ಚದಲ್ಲಿಯೇ ಸೇರಿಸುವುದು, ಇವು ಐಶ್ವರ್ಯದ ಆಡಂಬರವಲ್ಲ. ಸತ್ಯಕ್ಕೆ ಮುಂಗಡವಾಗಿ ಕೊಟ್ಟ ಬೆಲೆ. ಯಾವ ಬಲಕ್ಕೆ ಕಡಮೆಯಾದರೆ ತಿರಸ್ಕರಿಸಬೇಕೆಂಬ ಗೆರೆಯನ್ನೂ ರೋಗಿಯ ಮುಖವನ್ನು ನೋಡುವ ಮೊದಲೇ ಎಳೆದಿರಬೇಕು. ವ್ರತವನ್ನು ಹಸಿವಾಗುವುದಕ್ಕೆ ಮುಂಚೆಯೇ ಸಂಕಲ್ಪಿಸುವುದು ಈ ಕಾರಣದಿಂದಲೇ. ಹಸಿದ ಮೇಲೆ ಯಾವ ನಿಯಮವೂ ಅತಿಕಠಿಣವೆಂದೇ ತೋರುವುದು.

ಇಷ್ಟೆಲ್ಲ ಮಾಡಿದ ಮೇಲೆಯೂ ಅಂತಹ ಸಂಜೆ ಬಾರದೆ ಇರದು. ಆಗ ಪ್ರಯೋಗಶಾಲೆಯ ಧರ್ಮವು ಒಂದೇ: ಇದ್ದುದನ್ನು ಇದ್ದಂತೆ ಹೇಳುವುದು. ಖಂಡವು ಗೆರೆಯನ್ನು ಮುಟ್ಟಲಿಲ್ಲ, ಇಷ್ಟು ಕಡಮೆಯಾಯಿತು ಎಂದು ಬರೆದುಕೊಟ್ಟ ಮೇಲೆ, ಕಾಯಬೇಕೆ, ಬೇರೆ ವಿಧಾನದಿಂದ ಚಿಕಿತ್ಸೆ ಮಾಡಬೇಕೆ ಎಂಬುದನ್ನು ಶಸ್ತ್ರವೈದ್ಯನು ರೋಗಿಯೊಡನೆ ಆಲೋಚಿಸುವನು. ದಯೆಯು ವೈದ್ಯನ ಧರ್ಮ. ಸತ್ಯವು ಪರೀಕ್ಷಕನ ಧರ್ಮ. ಪರೀಕ್ಷಕನು ದಯೆಯಿಂದ ಸತ್ಯವನ್ನು ಮೃದುಗೊಳಿಸಿದರೆ ವೈದ್ಯನ ದಯೆಗೆ ಕಣ್ಣಿಲ್ಲದಂತಾಗುವುದು.

೬

ಇಂತಹ ಪ್ರಯೋಗಶಾಲೆಯು ಆಸ್ಪತ್ರೆಯ ಒಳಗಿರಬೇಕೋ ಹೊರಗಿರಬೇಕೋ ಎಂಬುದಕ್ಕೂ ಇದರಿಂದಲೇ ಉತ್ತರ ದೊರೆಯುವುದು. ಅಮೆರಿಕದ ನ್ಯೂಯಾರ್ಕ್ ನಗರದ ಹಾಸ್ಪಿಟಲ್ ಫಾರ್ ಸ್ಪೆಷಲ್ ಸರ್ಜರಿ ಎಂಬ ಆಸ್ಪತ್ರೆಯ ಆವರಣದಲ್ಲಿ ೨೦೨೧ರಲ್ಲಿ ಇಟಲಿಯ ಲೀಮಾ ಕಾರ್ಪೊರೇಟ್ ಸಂಸ್ಥೆಯ ಸಹಯೋಗದಿಂದ ಲೋಹದ ಕೀಲುಗಳನ್ನು ರಚಿಸಿ ಕಟ್ಟುವ ಕೇಂದ್ರವು ತೆರೆಯಿತು. ವೈದ್ಯನೂ ಎಂಜಿನಿಯರನೂ ಒಂದೇ ಮೇಜಿನ ಮುಂದೆ ಕುಳಿತು ಆಕಾರವನ್ನು ರಚಿಸಿದರೆ ತಪ್ಪು 줄ದೆ ಇರುವುದಿಲ್ಲ, ಕಾಲವೂ ಉಳಿಯುವುದು. ಸಾಮೀಪ್ಯದ ಈ ಗುಣವನ್ನು ಅಲ್ಲಗಳೆಯುವಂತಿಲ್ಲ. ಆದರೆ ಸಾಮೀಪ್ಯಕ್ಕೆ ದಾಕ್ಷಿಣ್ಯವೆಂಬ ನೆರಳೂ ಉಂಟು. ದಿನವೂ ಎದುರಿಗೆ ಸಿಕ್ಕುವ ಹಿರಿಯ ವೈದ್ಯನಿಗೆ ಇಲ್ಲವೆನ್ನುವುದು ಕಿರಿಯ ಪರೀಕ್ಷಕನಿಗೆ ಕಷ್ಟ. ಆದುದರಿಂದ ರಚನೆಯು ರೋಗಿಯ ಹಾಸಿಗೆಗೆ ಹತ್ತಿರವಾಗಿರಲಿ. ಪರೀಕ್ಷೆಯು ವೈದ್ಯನ ಆಜ್ಞೆಗೂ ಯಂತ್ರ ನಡೆಸುವವನ ಆಜ್ಞೆಗೂ ದೂರವಾಗಿರಲಿ. ಒಂದೇ ಸೂರಿನ ಕೆಳಗೆ ಇದ್ದರೂ ಅವನ ಸಂಬಳವೂ ಬಡತಿಯೂ ಅವರ ಕೈಯಲ್ಲಿ ಇರಬಾರದು.

ರಾಜ್ಯಗಳ ಶಾಸನಗಳೂ ಈ ವಿಚಾರದಲ್ಲಿ ಸುಮ್ಮನೆ ಕುಳಿತಿಲ್ಲ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ೨೦೧೭ರ ಡಿಸೆಂಬರಿನಲ್ಲಿ ಈ ಕ್ರಮದ ವೈದ್ಯಸಾಧನಗಳಿಗಾಗಿಯೇ ಮಾರ್ಗದರ್ಶಿಯನ್ನು ಪ್ರಕಟಿಸಿತು. ಭಾರತದಲ್ಲಿ ೨೦೧೭ರ ವೈದ್ಯಕೀಯ ಸಾಧನಗಳ ನಿಯಮಗಳು ೨೦೧೮ರ ಜನವರಿ ೧ರಿಂದ ಜಾರಿಗೆ ಬಂದುವು. ಐರೋಪ್ಯ ಒಕ್ಕೂಟದಲ್ಲಿ ೨೦೨೧ರ ಮೇ ತಿಂಗಳಿನಿಂದ ಅನ್ವಯವಾದ ಶಾಸನದಂತೆ, ಆಸ್ಪತ್ರೆಯು ತಾನೇ ಸಾಧನವನ್ನು ಮಾಡಿಕೊಳ್ಳಬೇಕಾದರೆ ಅಂಗಡಿಯಲ್ಲಿ ದೊರೆಯುವ ಸಮಾನವಾದ ಸಾಧನವು ತನ್ನ ರೋಗಿಗಳ ಅಗತ್ಯಕ್ಕೆ ಸಾಲದೆಂಬುದಕ್ಕೆ ಸಮರ್ಥನೆಯನ್ನು ಬರೆದಿಡಬೇಕು. ಈ ಕೊನೆಯ ನಿಯಮದಲ್ಲಿ ಅಡಗಿದ ವಿವೇಕವು ದೊಡ್ಡದು. ಮಾಡಬಲ್ಲೆನೆಂಬ ಹೆಮ್ಮೆಯಿಂದ ಮಾಡದಿರುವುದೂ ಹೊಣೆಯ ಒಂದು ಭಾಗ. ಸಾಧಾರಣವಾದ ತಟ್ಟೆಯೂ ತಿರುಪುಮೊಳೆಯೂ ಸಾಕಾಗುವ ಬಡವನಿಗೆ ಸಾಲ ಮಾಡಿಸಿ ಅಪೂರ್ವವಾದ ಮೂಳೆಯನ್ನು ಜೋಡಿಸಿದರೆ ಅದು ವೈದ್ಯವೂ ಅಲ್ಲ, ಶಿಲ್ಪವೂ ಅಲ್ಲ.

ಆದರೆ ಶಾಸನವು ಕಾಗದವನ್ನು ಕೇಳಬಲ್ಲುದು, ಮನಸ್ಸನ್ನು ಕೇಳಲಾರದು. ಕೊನೆಗೆ ಒಬ್ಬನು ಲೇಖನಿಯನ್ನು ಹಿಡಿದು, ಈ ಖಂಡವು ಯೋಗ್ಯವೆಂದು ಸಹಿ ಹಾಕಲೇಬೇಕು. ಆ ಸಹಿಗೆ ಬೆಲೆ ಬರುವುದು ಸಹಿ ಹಾಕದಿರುವ ಅಧಿಕಾರವೂ ಅವನಿಗಿದ್ದಾಗ ಮಾತ್ರ. ಅಧಿಕಾರವಿಲ್ಲದೆ ಸಹಿಯನ್ನು ಮಾತ್ರ ಕೊಟ್ಟರೆ ಅವನು ಇತರರ ತಪ್ಪಿಗೆ ಬಲಿಯಾಗುವನು. ಸಹಿಯಿಲ್ಲದೆ ಅಧಿಕಾರವನ್ನು ಮಾತ್ರ ಇಟ್ಟುಕೊಂಡವನು ತಪ್ಪಿಗೆ ಸಿಕ್ಕದೆ ಮರೆಯಲ್ಲಿ ನಿಲ್ಲುವನು. ಎರಡನ್ನೂ ಒಬ್ಬನಲ್ಲಿಯೇ ಕೂಡಿಸಿ, ಅವನಿಗೆ ಕಾಲವನ್ನೂ ಸಾಕ್ಷಿಖಂಡಗಳನ್ನೂ ನಿರ್ಭಯವನ್ನೂ ಒದಗಿಸಿಕೊಡುವ ಏರ್ಪಾಡೇ ಒಳ್ಳೆಯ ಪ್ರಯೋಗಶಾಲೆಯ ಲಕ್ಷಣ. ಯಂತ್ರಗಳು ಹಳತಾಗುವುವು, ಹೊಸವು ಬರುವುವು. ಈ ಲಕ್ಷಣವು ಬದಲಾಗತಕ್ಕುದಲ್ಲ.

ಪ್ರಜ್ಞೆಯಿಲ್ಲದೆ ಮಲಗಿದವನು ತನ್ನ ದೇಹವನ್ನು ಕಾಣದವರ ಕೈಗೆ ಒಪ್ಪಿಸಿದ್ದಾನೆ. ಅವನು ಪ್ರಯೋಗಶಾಲೆಗೆ ಎಂದೂ ಬಂದವನಲ್ಲ; ಪುಡಿಯನ್ನು ಜರಡಿ ಹಿಡಿದವನ ಹೆಸರನ್ನು ಕೇಳಿದವನಲ್ಲ. ಅಷ್ಟು ದೊಡ್ಡ ನಂಬಿಕೆಗೆ ಯೋಗ್ಯರಾಗುವುದೆಂದರೆ, ಅವನು ಎದುರಿಗೆ ನಿಂತು ನೋಡುತ್ತಿದ್ದರೆ ಹೇಗೆ ಮಾಡುತ್ತಿದ್ದರೋ ಹಾಗೆಯೇ ಅವನಿಲ್ಲದಾಗಲೂ ಮಾಡುವುದು. ಆ ಗುಣವು ಮನುಷ್ಯರಲ್ಲಿ ತಾನಾಗಿ ನಿಲ್ಲದೆಂಬುದನ್ನು ಅರಿತು ಅದಕ್ಕೆ ಗೋಡೆಯ, ಲೆಕ್ಕದ, ವಿರಾಮದ ಆಸರೆಯನ್ನು ಮುಂಚೆಯೇ ಕಟ್ಟಿಡುವವರು ಜಾಣರಾದ ಎಂಜಿನಿಯರುಗಳು ಮಾತ್ರವಲ್ಲ, ಧರ್ಮಜ್ಞರೂ ಅಹುದು.